ಡಬ್ಬಿ ಮೇಲೆ 400 ಇದೆ, ನೆರಳೆಲ್ಲ ಖಾಲಿ ಬರುತ್ತಿದೆ. ತಪ್ಪು ಎಲ್ಲಿದೆ?

ಕೆಂಪುದೀಪ

ಎಲ್ಲರಿಗೂ ನಮಸ್ಕಾರ. ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಲು (ಡೆವಲಪ್ ಮಾಡಲು) ಶುರುಮಾಡಿ ಆರು ತಿಂಗಳಾಯಿತು. ಇಲ್ಲಿಯವರೆಗೆ ಎಂಟು ರೋಲ್ ಮುಗಿಸಿದ್ದೇನೆ. ಎಲ್ಲವೂ ಎಚ್‌ಪಿ5 ಪ್ಲಸ್, 35 ಎಂಎಂ. ಡೆವಲಪರ್ (ಚಿತ್ರ ಹೊರತರುವ ದ್ರಾವಣ) ರೋಡಿನಾಲ್, 1+50 (ಒಂದು ಪಾಲಿಗೆ ಐವತ್ತು ಪಾಲು ನೀರು), 20 ಡಿಗ್ರಿಯಲ್ಲಿ 11 ನಿಮಿಷ. ಮೀಟರ್ ಕ್ಯಾಮೆರಾದೊಳಗಿನದೇ, ಡಯಲನ್ನು ಡಬ್ಬಿ ಮೇಲಿನ ಸ್ಪೀಡ್ (ಬೆಳಕಿಗೆ ಫಿಲ್ಮಿನ ಚುರುಕು) 400ಕ್ಕೆ ಇಟ್ಟಿರುತ್ತೇನೆ.

ಹೊರಗೆ ಬಯಲಲ್ಲಿ ತೆಗೆದದ್ದು ಪರವಾಗಿಲ್ಲ. ತೊಂದರೆ ಆಗಿದ್ದು ತಾತನ ಫೋಟೋದಲ್ಲಿ. ತಾತ ಶೆಡ್ಡಿನೊಳಗೆ ಕೂತು ಸೈಕಲ್ ಚಕ್ರದ ಬೆಂಡ್ ತೆಗೆಯುತ್ತಿದ್ದರು. ಅವರ ಎಡಕ್ಕೆ ಕಿಟಕಿ. ಹಿಂದಿನ ಗೋಡೆಯ ಮೇಲೆ ಸ್ಪ್ಯಾನರ್‌ಗಳನ್ನು ಸಾಲಾಗಿ ನೇತುಹಾಕಿದ್ದಾರೆ, ಚಿಕ್ಕದರಿಂದ ದೊಡ್ಡದಕ್ಕೆ. ನನಗೆ ಬೇಕಾಗಿದ್ದು ತಾತನ ಕೈ ಮತ್ತು ಆ ಗೋಡೆ. ನೆಗೆಟಿವ್ (ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಕಾಣುವ ತೊಳೆದ ಫಿಲ್ಮ್) ಒಣಗಿದ ಮೇಲೆ ನೋಡಿದರೆ ಕಿಟಕಿ ಇದ್ದಲಿನಷ್ಟು ಕಪ್ಪು. ಗೋಡೆ ಇರಬೇಕಾದ ಜಾಗ ಬರೀ ಗಾಜು. ಒಂದು ಸ್ಪ್ಯಾನರ್ ಕೂಡ ಇಲ್ಲ. ಸ್ಕ್ಯಾನ್ ಮಾಡಿ ಎಷ್ಟು ಎಳೆದರೂ ಬೂದುಬಣ್ಣದ ಗಲೀಜು ಬಿಟ್ಟರೆ ಏನೂ ಬರಲಿಲ್ಲ.

ಜಾಸ್ತಿ ಹೊತ್ತು ತೊಳೆದರೆ ನೆರಳು ಬರುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಮುಂದಿನ ರೋಲನ್ನು ಅದೇ ಶೆಡ್ಡಿನಲ್ಲಿ ತೆಗೆದು 14 ನಿಮಿಷ ತೊಳೆದೆ. ನೆರಳು ಹಾಗೇ ಇದೆ. ಕಿಟಕಿ ಇನ್ನೂ ಕೆಟ್ಟಿತು, ತಾತನ ಬಿಳಿಕೂದಲೂ ಅದರ ಜೊತೆ ಸೇರಿ ಹೋಯಿತು.

ಈಗ ನನ್ನ ಪ್ರಶ್ನೆ. ಎಚ್‌ಪಿ5ನ್ನು 200ಕ್ಕೆ ಇಟ್ಟು ತೆಗೆಯಬೇಕಾ? ಇಲ್ಲ ಡೆವಲಪರ್ ಬದಲಿಸಬೇಕಾ? ಐಡಿ-11, ಎಕ್ಸ್‌ಟಾಲ್, ಮೈಕ್ರೋಫೆನ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಂಜೆ ಹೊತ್ತು ಮನೆಯೊಳಗೆ 1600ಕ್ಕೆ ತೆಗೆಯುವ ಆಸೆಯೂ ಇದೆ. ಸದ್ಯ ಸ್ಕ್ಯಾನ್ ಮಾಡುತ್ತಿದ್ದೇನೆ, ಮುಂದೆ ಎನ್‌ಲಾರ್ಜರ್‌ನಲ್ಲಿ ಪ್ರಿಂಟ್ ಹಾಕಬೇಕು. ತಾತನಿಗೆ 84. ಆ ಫೋಟೋ ನನಗೆ ಸರಿಯಾಗಿ ಬೇಕು.

ಬೆಳ್ಳಿಕಣ

200ಕ್ಕೆ ಇಡಿ, ಫಿಲ್ಮಿಗೆ ದುಪ್ಪಟ್ಟು ಬೆಳಕು ಬೀಳುತ್ತದೆ. ತೊಳೆಯುವ ಹೊತ್ತು ಶೇ. 15-20 ಕಡಿಮೆ ಮಾಡಿ. ಬಹಳ ಜನ ಮಾಡುವುದು ಇಷ್ಟೇ.

ಒಂದು ಮಾತು ಕೇಳಬೇಕು. ಮೀಟರ್ ಯಾವುದನ್ನು ನೋಡಿ ಓದಿದಿರಿ? ಫ್ರೇಮಿನಲ್ಲಿ ಕಿಟಕಿ ಸೇರಿತ್ತಾ?

ಕೆಂಪುದೀಪ

ಸೇರಿತ್ತು. ಫ್ರೇಮ್ ಕೂರಿಸಿಕೊಂಡು, ಮುಳ್ಳು ಮಧ್ಯಕ್ಕೆ ಬರುವ ಹಾಗೆ ಮಾಡಿ ಒತ್ತಿದೆ.

ಹಳೇಟ್ಯಾಂಕ್

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆದರೂ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನೂ ಇದೇ ಗೋಡೆಗೆ ಎರಡು ವರ್ಷ ತಲೆ ಹೊಡೆದುಕೊಂಡಿದ್ದೇನೆ. 1994ರಿಂದ ಫಿಲ್ಮ್ ತೊಳೆಯುತ್ತಿದ್ದೇನೆ. ಆ ಎರಡು ವರ್ಷ ಏಳು ಡೆವಲಪರ್ ಬದಲಿಸಿದೆ. ಬದಲಿಸಬೇಕಾಗಿದ್ದು ಮೀಟರ್ ಹಿಡಿಯುವ ರೀತಿ.

ಮೊದಲು ನೆಗೆಟಿವನ್ನೇ ಕೇಳೋಣ. ಫಿಲ್ಮಿನ ಅಂಚಿನಲ್ಲಿ ಹೆಸರು, ಫ್ರೇಮ್ ನಂಬರ್ ಇರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಅಚ್ಚು ಹಾಕಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ. ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಅಂಚಿನ ಅಕ್ಷರ ಗಟ್ಟಿಯಾಗಿ ಕಪ್ಪಗಿದ್ದು, ಚಿತ್ರದ ನೆರಳು ಮಾತ್ರ ಖಾಲಿ ಇದ್ದರೆ ಡೆವಲಪರ್ ತನ್ನ ಕೆಲಸ ಮಾಡಿದೆ, ಫಿಲ್ಮಿಗೆ ಬೆಳಕು ಸಾಲಲಿಲ್ಲ. ಅಕ್ಷರವೂ ಪೇಲವವಾಗಿದ್ದರೆ ತೊಳೆದದ್ದು ಸಾಲಲಿಲ್ಲ. ಎಷ್ಟೋ ಸಲ ಅರ್ಧ ನಿಮಿಷದಲ್ಲಿ ಗೊತ್ತಾಗುವ ವಿಷಯಕ್ಕೆ ನಾವು ಹೊಸ ಬಾಟಲಿ ತರಲು ಓಡುತ್ತೇವೆ.

14 ನಿಮಿಷ ತೊಳೆದರೂ ಸ್ಪ್ಯಾನರ್ ಯಾಕೆ ಬರಲಿಲ್ಲ ಅಂತ ಹೇಳುತ್ತೇನೆ. ಫಿಲ್ಮಿನಲ್ಲಿರುವ ಬೆಳ್ಳಿಯ ಹರಳಿಗೆ ಸಾಕಷ್ಟು ಬೆಳಕು ತಾಗಿದರೆ ಅದರೊಳಗೆ ಕೆಲವೇ ಬೆಳ್ಳಿ ಪರಮಾಣುಗಳ ಚಿಕ್ಕ ಗುಂಪು ಕಟ್ಟುತ್ತದೆ. ಡೆವಲಪರ್ ಹುಡುಕುವುದು ಆ ಗುರುತನ್ನು. ಗುರುತು ಇದ್ದ ಹರಳನ್ನು ಪೂರ್ತಿ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಗುರುತೇ ಬೀಳದ ಹರಳನ್ನು ಫಿಕ್ಸರ್ ಎಂಬ ಮುಂದಿನ ದ್ರಾವಣ ತೊಳೆದು ಹಾಕುತ್ತದೆ. ನಿಮ್ಮ ಗೋಡೆಯ ಜಾಗದಲ್ಲಿ ಗುರುತು ಬಿದ್ದ ಹರಳೇ ಇಲ್ಲ. ಅಲ್ಲಿ 11 ನಿಮಿಷ ಆದರೂ ಅಷ್ಟೇ, 14 ಆದರೂ ಅಷ್ಟೇ. ಕಿಟಕಿಯ ಜಾಗದಲ್ಲಿ ಮಾತ್ರ ಬೇಕಾದಷ್ಟಿದೆ, ಅದಕ್ಕೇ ಆ ಮೂರು ನಿಮಿಷದ ಲಾಭವೆಲ್ಲ ಕಿಟಕಿಗೆ ಮತ್ತು ತಾತನ ಕೂದಲಿಗೆ ಹೋಯಿತು. ನೆರಳನ್ನು ನಿರ್ಧರಿಸುವುದು ನೀವು ಶಟರ್ ಒತ್ತುವ ಹೊತ್ತು. ತೊಳೆಯುವ ಹೊತ್ತು ನಿರ್ಧಾರ ಆಗುವುದು ಹೈಲೈಟ್, ಅಂದರೆ ಬೆಳಕು ಜಾಸ್ತಿ ಬಿದ್ದ ಜಾಗ.

ಇನ್ನು ಆ 400 ಅನ್ನುವ ಅಂಕಿ. ಅದನ್ನು ಫಿಲ್ಮಿನ ಹುಟ್ಟುಗುಣ ಎಂದು ತಿಳಿಯುತ್ತೇವೆ, ಹಾಗಲ್ಲ. ಐಎಸ್‌ಓ ಪದ್ಧತಿಯಲ್ಲಿ ಅಳೆಯುವುದು ಹೀಗೆ: ಫಿಲ್ಮಿನ ಸ್ವಂತ ಮಬ್ಬಿಗಿಂತ 0.1 ಡೆನ್ಸಿಟಿ (ಕಪ್ಪಿನ ದಟ್ಟತೆಯ ಅಳತೆ) ಜಾಸ್ತಿ ಬರಲು ಎಷ್ಟು ಬೆಳಕು ಬೇಕು ಅಂತ ನೋಡುತ್ತಾರೆ. ಜೊತೆಗೆ ಒಂದು ಷರತ್ತು. ಆ ಜಾಗಕ್ಕಿಂತ 20 ಪಟ್ಟು ಬೆಳಕು ಬಿದ್ದಲ್ಲಿ ಡೆನ್ಸಿಟಿ ಇನ್ನೂ 0.8 ಏರಿರಬೇಕು. ಅಂದರೆ ಕಾಂಟ್ರಾಸ್ಟ್ ಇಷ್ಟೇ ಇರಬೇಕು ಎಂದು ಕಟ್ಟಿಹಾಕಿ ಅಳೆದ ಅಂಕಿ ಅದು. ಎಚ್‌ಪಿ5 ಪ್ಲಸ್ ತಯಾರಕರ ಡೇಟಾಶೀಟಿನಲ್ಲೇ ಇದೆ, 400 ಅನ್ನುವುದು ಐಡಿ-11ರಲ್ಲಿ 20 ಡಿಗ್ರಿಯಲ್ಲಿ ತೊಳೆದು ಅಳೆದದ್ದು. ಬೇರೆ ಡೆವಲಪರ್ ಬಳಸಿದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಡೆಲ್ಟಾ 3200 ಎಂಬ ಫಿಲ್ಮಿನ ಹೆಸರಿನಲ್ಲಿ 3200 ಇದೆ. ಅದರ ಡೇಟಾಶೀಟ್ ತೆಗೆದು ಓದಿ, ಐಎಸ್‌ಓ 1000 ಅಂತ ಅವರೇ ಬರೆದಿದ್ದಾರೆ. ಮತ್ತೊಂದು ವಿಷಯ, 1960ರಲ್ಲಿ ಅಮೆರಿಕದಲ್ಲಿ ಫಿಲ್ಮ್ ಸ್ಪೀಡ್ ಅಳೆಯುತ್ತಿದ್ದ ಎಎಸ್‌ಎ ಪದ್ಧತಿಯನ್ನು ತಿದ್ದಿದಾಗ ಕಪ್ಪು-ಬಿಳುಪು ಫಿಲ್ಮುಗಳ ಅಂಕಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಫಿಲ್ಮ್ ಅದೇ. ಮೊದಲು ಅಂಕಿಯೊಳಗೆ ಒಂದು ಸ್ಟಾಪಿನಷ್ಟು (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವ ಒಂದು ಮೆಟ್ಟಿಲು) ಸುರಕ್ಷತೆಯ ಅಂತರ ಇಟ್ಟಿದ್ದರು, ಅದನ್ನು ತೆಗೆದರು. ಹಾಗಾಗಿ 400ರ ಫಿಲ್ಮನ್ನು 200ಕ್ಕೆ ಇಡುವವರು ವಿಚಿತ್ರ ಏನೂ ಮಾಡುತ್ತಿಲ್ಲ, ಆ ಅಂತರವನ್ನು ವಾಪಸ್ ಹಾಕಿಕೊಳ್ಳುತ್ತಿದ್ದಾರೆ ಅಷ್ಟೇ.

ಆದರೆ ಶೆಡ್ಡಿನ ಫೋಟೋಗೆ ಬರೀ 200 ಸಾಕಾಗುತ್ತಿರಲಿಲ್ಲ. ಮೀಟರ್‌ಗೆ ಕಂಡದ್ದೆಲ್ಲ ನಡುಬೂದು. ಕಿಟಕಿ ಸೇರಿದ್ದರಿಂದ ಬೆಳಕು ಜಾಸ್ತಿ ಇದೆ ಅಂದುಕೊಂಡು ಅದು ಎಕ್ಸ್‌ಪೋಷರ್ ಇಳಿಸಿತು. ಇದನ್ನು ಮಾಡಿ ನೋಡಿ: ಕ್ಯಾಮೆರಾ ಹಿಡಿದು ಗೋಡೆಯ ಹತ್ತಿರ ಹೋಗಿ, ಸ್ಪ್ಯಾನರ್ ಸಾಲು ಮಾತ್ರ ತುಂಬುವ ಹಾಗೆ ಮೀಟರ್ ಓದಿ. ಆ ರೀಡಿಂಗ್‌ನಿಂದ ಎರಡು ಸ್ಟಾಪ್ ಕಡಿಮೆ ಕೊಡಿ. ಲೆನ್ಸಿನ ತೆರವು ಎಫ್2.8 ಇದ್ದಾಗ ಮೀಟರ್ 1/15 ಸೆಕೆಂಡ್ ಅಂದರೆ ನೀವು 1/60. ಆನ್ಸೆಲ್ ಆಡಮ್ಸ್ ಅವರ ಜೋನ್ ಪದ್ಧತಿಯಲ್ಲಿ ಇದು ಮೂರನೇ ಜೋನ್, ಕಪ್ಪಗೆ ಕಾಣಬೇಕು ಆದರೆ ಒಳಗಿನ ವಿವರ ಉಳಿಯಬೇಕು ಅನ್ನುವ ಜಾಗ. ನೆರಳನ್ನು ಹೀಗೆ ಹಿಡಿದಾದ ಮೇಲೆ ಕಿಟಕಿಯನ್ನು ತೊಳೆಯುವಾಗ ನೋಡಿಕೊಳ್ಳೋಣ.

ಈಗ ಡೆವಲಪರ್. ರೋಡಿನಾಲ್ 1891ರಿಂದ ಇದೆ, ನನಗೂ ಅದರ ಮೇಲೆ ಪ್ರೀತಿ ಇದೆ. ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ, ಗ್ರೇನ್ (ಚಿತ್ರದಲ್ಲಿ ಕಾಣುವ ಬೆಳ್ಳಿ ಕಣ) ಮೊನಚಾಗಿ ನಿಲ್ಲುತ್ತದೆ. ಆದರೆ ನೆರಳಿನಲ್ಲಿ ಸ್ವಲ್ಪ ಕೈ ಬಿಗಿ ಮಾಡುತ್ತದೆ. ಅದರಲ್ಲಿ ಎಚ್‌ಪಿ5ನ್ನು 400ಕ್ಕೆ ಇಡುವುದು ನನ್ನ ಕಣ್ಣಿಗೆ ಅತಿಯಾಯಿತು, 250ರ ಮೇಲೆ ನಾನು ಹೋಗುವುದಿಲ್ಲ. ಮೈಕ್ರೋಫೆನ್ ಫಿನಿಡೋನ್ ಎಂಬ ರಾಸಾಯನಿಕ ಇರುವ ಡೆವಲಪರ್, ನೆರಳಿಗೆ ಸ್ವಲ್ಪ ಜಾಸ್ತಿ ಕೊಡುತ್ತದೆ. ಪರ್ಸೆಪ್ಟಾಲ್ ಉಲ್ಟಾ, ಗ್ರೇನ್ ನುಣುಪು ಮಾಡಿ ಸ್ಪೀಡ್ ತಿನ್ನುತ್ತದೆ. ಎಕ್ಸ್‌ಟಾಲ್ ಎರಡನ್ನೂ ಚೆನ್ನಾಗಿ ತೂಗಿಸುತ್ತದೆ.

ನಿಮಗೆ ನಾನು ಹೇಳುವುದು ಐಡಿ-11, ಇಲ್ಲವೇ ಡಿ-76. ಎರಡೂ ಹೆಚ್ಚುಕಡಿಮೆ ಒಂದೇ. ಡಿ-76 ಸೂತ್ರ ಪ್ರಕಟವಾಗಿಯೇ ಇದೆ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಆ ನೂರು ಗ್ರಾಂ ಸಲ್ಫೈಟ್ ನೋಡಿ. ಬೆಳ್ಳಿ ಕಣದ ಅಂಚನ್ನು ಸ್ವಲ್ಪ ಸ್ವಲ್ಪ ಕರಗಿಸಿ ಗ್ರೇನ್ ಮೆತ್ತಗೆ ಮಾಡುವುದು ಅದೇ. 1+1 ಮಾಡಿದರೆ ಸಲ್ಫೈಟ್ ಅರ್ಧ ಆಗುತ್ತದೆ, ಅಂಚು ಮತ್ತೆ ಚುರುಕಾಗುತ್ತದೆ, ನೆರಳೂ ಉಳಿಯುತ್ತದೆ. ಬಳಸಿ ಚೆಲ್ಲುವುದರಿಂದ ಪ್ರತಿ ರೋಲಿಗೂ ಹೊಸ ಡೆವಲಪರ್. ಎಚ್‌ಪಿ5 ಐಡಿ-11 1+1ರಲ್ಲಿ 400ಕ್ಕೆ 13 ನಿಮಿಷ. 200ಕ್ಕೆ ತೆಗೆದರೆ 11ರಿಂದ ಶುರುಮಾಡಿ.

ಪುಡಿ ಕಲಸಿದ ದಿನಾಂಕ ಬಾಟಲಿ ಮೇಲೆ ಬರೆಯಿರಿ. ಒಮ್ಮೆ ನನ್ನ ಹತ್ತಿರ ಒಂದು ಡೆವಲಪರ್ ಅರ್ಧ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇತ್ತು. ಬಣ್ಣ ನೀರಿನಂತೆ ತಿಳಿ, ವಾಸನೆ ಏನೂ ಇಲ್ಲ. ತಂಗಿಯ ಮಗು ಮೊದಲ ಸಲ ಎದ್ದು ನಿಂತ ದಿನದ ರೋಲನ್ನು ಅದರಲ್ಲಿ ಹಾಕಿದೆ. ಹೊರಗೆ ಬಂದದ್ದು ಖಾಲಿ ಪಟ್ಟಿ, ಅಂಚಿನ ನಂಬರ್ ಕೂಡ ಇರಲಿಲ್ಲ. ಆವತ್ತಿನಿಂದ ಪ್ರತಿ ಸಲ ಫಿಲ್ಮಿನ ನಾಲಿಗೆ (ರೋಲಿನ ಹೊರಗಿನ ತುದಿ) ಕತ್ತರಿಸಿದ್ದನ್ನು ಮೊದಲು ಬೆಳಕಲ್ಲೇ ಡೆವಲಪರ್‌ನಲ್ಲಿ ಅದ್ದುತ್ತೇನೆ. ಕೆಲವು ನಿಮಿಷದಲ್ಲಿ ಕಪ್ಪಾದರೆ ಮಾತ್ರ ರೋಲ್ ಟ್ಯಾಂಕಿಗೆ ಹೋಗುತ್ತದೆ.

ಒಂದು ರೋಲ್ ಪರೀಕ್ಷೆಗೆ ಮೀಸಲಿಡಿ. ಕಪ್ಪು ಸ್ವೆಟರ್, ಪಕ್ಕದಲ್ಲಿ ಬಿಳಿ ಟವೆಲ್, ಬದಲಾಗದ ಬೆಳಕು. ಸ್ವೆಟರಿನ ಮೇಲೆ ಮೀಟರ್ ಓದಿ ಎರಡು ಸ್ಟಾಪ್ ಇಳಿಸಿ. ಡಯಲ್ 400, 320, 250, 200, 160, 100 ಹೀಗೆ ಬದಲಿಸುತ್ತಾ ಒಂದೊಂದು ತೆಗೆಯಿರಿ. ಸ್ವೆಟರಿನ ಹೆಣಿಗೆ ಯಾವ ಫ್ರೇಮಿನಲ್ಲಿ ಮೊದಲು ಕಾಣುತ್ತದೋ ಅದು ನಿಮ್ಮ ಕ್ಯಾಮೆರಾ, ನಿಮ್ಮ ಥರ್ಮಾಮೀಟರ್, ನಿಮ್ಮ ಡೆವಲಪರ್ ಸೇರಿದ ಅಂಕಿ. ಅದು ನನ್ನ ಅಂಕಿಗಿಂತ ಬೇರೆ ಇದ್ದರೂ ಆಶ್ಚರ್ಯವಿಲ್ಲ.

ನಿಧಾನಸ್ಥ

ಹಳೇಟ್ಯಾಂಕ್ ಸರ್ ಹೇಳಿದ್ದು ಮೀಟರ್ ವಿಷಯದಲ್ಲಿ ನೂರಕ್ಕೆ ನೂರು ನಿಜ. ರೋಡಿನಾಲ್ ವಿಷಯದಲ್ಲಿ ಮಾತ್ರ ನನ್ನದು ಬೇರೆ ಮಾತು. ಅದನ್ನು ಬಿಡಿ ಅನ್ನುವ ಮುಂಚೆ ಅಳತೆ ನೋಡಿ. 300 ಮಿಲಿ ಟ್ಯಾಂಕಿನಲ್ಲಿ 1+50 ಅಂದರೆ ಬೇಕಾಗುವುದು 6 ಮಿಲಿಗಿಂತ ಒಂದು ಹನಿ ಕಡಿಮೆ. ದೊಡ್ಡ ಅಳತೆಪಾತ್ರೆಯಲ್ಲಿ ಸುರಿದರೆ ಒಂದು ಮಿಲಿ ಆಚೀಚೆ ಆಗುವುದು ಸಹಜ, ಆದರೆ ಇಲ್ಲಿ ಒಂದು ಮಿಲಿ ಅಂದರೆ ಆರನೇ ಒಂದು ಭಾಗ. ಸೂಜಿ ಇಲ್ಲದ ಸಿರಿಂಜ್ ಬಳಸಿ. ಬಾಟಲಿಯಿಂದ ಎಳೆದು, ನೀರಿನೊಳಗೆ ತುದಿ ಮುಳುಗಿಸಿ ಬಿಡಿ, ಅದೇ ನೀರನ್ನು ಎರಡು ಸಲ ಎಳೆದು ಬಿಟ್ಟು ಸಿರಿಂಜ್ ತೊಳೆಯಿರಿ. ಆ ದ್ರವ ಸ್ವಲ್ಪ ದಪ್ಪ, ಗೋಡೆಗೆ ಅಂಟಿಕೊಳ್ಳುತ್ತದೆ.

ಅಲ್ಲಾಡಿಸುವುದೂ ಮುಖ್ಯ. ನೀವು ಅರ್ಧ ನಿಮಿಷಕ್ಕೊಮ್ಮೆ ಜೋರಾಗಿ ಟ್ಯಾಂಕ್ ಮಗುಚುತ್ತಿದ್ದರೆ ಕಿಟಕಿ ಬೇಗ ಕಪ್ಪಾಗುತ್ತದೆ. ಯಾಕೆಂದರೆ ಬೆಳಕು ಜಾಸ್ತಿ ಬಿದ್ದ ಜಾಗದಲ್ಲಿ ಡೆವಲಪರ್ ಬೇಗ ಸೋಲುತ್ತದೆ, ನೀವು ಅಲ್ಲಾಡಿಸಿದಾಗಲೆಲ್ಲ ಅಲ್ಲಿಗೆ ಹೊಸದು ಬರುತ್ತದೆ. ನಾನು ಮೊದಲ ಅರ್ಧ ನಿಮಿಷ ಬಿಟ್ಟರೆ ಆಮೇಲೆ ನಿಮಿಷಕ್ಕೆ ಎರಡು ಸಲ ಮೆಲ್ಲಗೆ ಮಗುಚುತ್ತೇನೆ, ಹಸುಗೂಸನ್ನು ಮಗ್ಗುಲು ಬದಲಿಸುವ ಹಾಗೆ. ಎಫ್‌ಪಿ4 ಪ್ಲಸ್ ಅನ್ನುವ ಫಿಲ್ಮನ್ನು 80ಕ್ಕೆ ತೆಗೆದು ರೋಡಿನಾಲ್ 1+50ರಲ್ಲಿ ಹೀಗೆ ತೊಳೆದ ನೆಗೆಟಿವ್ ಪ್ರಿಂಟ್ ಹಾಕಲು ಬಹಳ ಸುಲಭ.

1+100 ಮಾಡಿ ಒಂದು ಗಂಟೆ ಸುಮ್ನೆ ಬಿಡುವ ವಿಧಾನವನ್ನೂ ಯಾರಾದರೂ ಹೇಳಬಹುದು. ಹೈಲೈಟ್ ಹದ್ದುಬಸ್ತಿನಲ್ಲಿರುತ್ತದೆ, ನಿಜ. ಆದರೆ ಬೆಳಕೇ ಬೀಳದ ನೆರಳನ್ನು ಅದೂ ತರುವುದಿಲ್ಲ. ಒಮ್ಮೊಮ್ಮೆ ಫಿಲ್ಮಿನ ಹಲ್ಲುತೂತಿನ ಪಕ್ಕದಿಂದ ಪಟ್ಟೆ ಇಳಿಯುತ್ತದೆ. ತಾತನ ಮುಖದ ಮೇಲೆ ಆ ಪಟ್ಟೆ ಬಿದ್ದರೆ ಏನು ಮಾಡುತ್ತೀರಿ?

ಹಳೇಟ್ಯಾಂಕ್

ಸಿರಿಂಜಿನ ಮಾತು ಒಪ್ಪಿದೆ, ನಾನು ಬರೆಯಲು ಮರೆತಿದ್ದೆ. ನಿಮಿಷಕ್ಕೆ ಎರಡು ಸಲ ಅನ್ನುವುದನ್ನು ಮಾತ್ರ ಹೊಸಬರು ಎಚ್ಚರದಿಂದ ಮಾಡಬೇಕು. ಮೊದಲು ಡೇಟಾಶೀಟ್ ಹೇಳುವ ಹಾಗೆ, ಶುರುವಿನಲ್ಲಿ ನಾಲ್ಕು ಸಲ, ಆಮೇಲೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ. ಎರಡು ಮೂರು ರೋಲ್ ಒಂದೇ ಥರ ಬಂದ ಮೇಲೆ ಬದಲಿಸಿ. ಎರಡು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಕೆಂಪುದೀಪ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ಹಳೆಯ ನೆಗೆಟಿವಿನ ಅಂಚು ನೋಡಿದೆ. ಅಕ್ಷರ ಗಟ್ಟಿಯಾಗಿದೆ. ಬೆಳಕೇ ಸಾಲದ್ದು.

ಐಡಿ-11 ಕಲಸಿ ಸ್ವೆಟರ್ ಪರೀಕ್ಷೆ ಮಾಡಿದೆ, 1+1, 13 ನಿಮಿಷ. ಭೂತಗನ್ನಡಿ ಇಟ್ಟು ನೋಡಿದಾಗ 400ರ ಫ್ರೇಮಿನಲ್ಲಿ ಸ್ವೆಟರಿನ ಹೊರಗೆರೆ ಮಾತ್ರ ಇತ್ತು. 320ರಲ್ಲಿ ಕಾಲರಿನ ಮಡಿಕೆ ಕಂಡಿತು. 250ರಲ್ಲಿ ಹೆಣಿಗೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. 200ರಲ್ಲಿ ಒಂದೊಂದು ಕುಣಿಕೆಯೂ ಎಣಿಸುವಷ್ಟು ಸ್ಪಷ್ಟ, ಮೊಣಕೈ ಹತ್ತಿರ ಅಜ್ಜಿ ಬೇರೆ ದಾರದಲ್ಲಿ ಹೊಲಿದ ತೇಪೆ ಕೂಡ ಬಂದಿದೆ. ಅದು ಅಲ್ಲಿರುವುದೇ ನನಗೆ ಗೊತ್ತಿರಲಿಲ್ಲ. 160ಕ್ಕೂ 200ಕ್ಕೂ ವ್ಯತ್ಯಾಸ ಕಡಿಮೆ. 200ರಲ್ಲಿ ಟವೆಲ್ ಸ್ವಲ್ಪ ದಟ್ಟ, ಹಾಗಾಗಿ 11 ನಿಮಿಷ ಅಂತ ಗುರುತು ಹಾಕಿಕೊಂಡೆ.

ಇನ್ನು ಸಂಜೆಯ 1600 ವಿಷಯ ಉಳಿಯಿತು. 400ಕ್ಕೇ ನೆರಳು ಸಿಗದಿದ್ದ ಮೇಲೆ 1600 ಅನ್ನುವುದು ಆಗುವ ಮಾತಾ? ನಮ್ಮಲ್ಲಿ ನೀರು 20 ಡಿಗ್ರಿಗೆ ಇಳಿಸುವುದೂ ಕಷ್ಟ, ಸಾಮಾನ್ಯವಾಗಿ 24 ಇರುತ್ತದೆ.

ಹಳೇಟ್ಯಾಂಕ್

ಆ ತೇಪೆ ಓದಿ ಬಹಳ ಖುಷಿಯಾಯಿತು.

1600 ಆಗುತ್ತದೆ, ಆದರೆ ಏನು ಕೊಟ್ಟು ಏನು ತೆಗೆದುಕೊಳ್ಳುತ್ತಿದ್ದೇವೆ ಎಂದು ತಿಳಿದಿರಬೇಕು. ಪುಶ್ ಮಾಡಿದರೆ, ಅಂದರೆ ಡಯಲ್ ಮೇಲಕ್ಕೆ ಇಟ್ಟು ತೆಗೆದು ಜಾಸ್ತಿ ಹೊತ್ತು ತೊಳೆದರೆ, ಫಿಲ್ಮಿನ ಸ್ಪೀಡ್ ಏರುವುದಿಲ್ಲ. ನೆರಳನ್ನು ಬಿಟ್ಟುಕೊಡುತ್ತೀರಿ, ನಡುವಿನ ಟೋನನ್ನು ಜಾಸ್ತಿ ತೊಳೆದು ಮೇಲೆ ಎತ್ತುತ್ತೀರಿ. ಮುಖ ಬರುತ್ತದೆ, ಮುಖದ ಹಿಂದಿನ ಕತ್ತಲೆ ಕತ್ತಲೆಯಾಗಿಯೇ ಇರುತ್ತದೆ. ದೀಪದ ಹತ್ತಿರ ಕೂತವರ ಮುಖ ಬೇಕು ಅಂದರೆ ಅದೇ ಚೆಂದ. ಸ್ಪ್ಯಾನರ್ ಗೋಡೆ ಬೇಕು ಅಂದರೆ ಪುಶ್ ಬೇಡ, ಕ್ಯಾಮೆರಾಗೆ ಸ್ಟ್ಯಾಂಡ್ ಹಾಕಿ. ಎಚ್‌ಪಿ5 1600ಕ್ಕೆ ತೆಗೆದರೆ ಮೈಕ್ರೋಫೆನ್‌ನಲ್ಲಿ, ನೀರು ಬೆರೆಸದೆ, 20 ಡಿಗ್ರಿಗೆ 11 ನಿಮಿಷ. ಐಡಿ-11 ಹಾಗೇ ಬಳಸಿದರೆ 14. ನನ್ನ ಕೈ ಮೈಕ್ರೋಫೆನ್ ಕಡೆಗೇ ಹೋಗುತ್ತದೆ, ಮುಖದ ನೆರಳು ಬದಿಯಲ್ಲಿ ಇನ್ನೊಂಚೂರು ಉಳಿಯುತ್ತದೆ. ಇಂಥ ಕೆಲಸ ಜಾಸ್ತಿ ಇದ್ದರೆ ಡೆಲ್ಟಾ 3200 ತಂದು 1600ಕ್ಕೆ ತೆಗೆಯಿರಿ. ಗ್ರೇನ್ ದಪ್ಪ, ಆದರೆ ನೆರಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಒಂದೇ ರೋಲಿನಲ್ಲಿ ಅರ್ಧ 200, ಅರ್ಧ 1600 ಮಾಡಬೇಡಿ. ತೊಳೆಯುವುದು ಇಡೀ ರೋಲನ್ನು ಒಟ್ಟಿಗೆ ಅಲ್ವಾ.

ನೀರು 24 ಇದ್ದರೆ ಅದರ ಜೊತೆ ಗುದ್ದಾಡಬೇಡಿ. 20ರಲ್ಲಿ 10 ನಿಮಿಷದ ಕೆಲಸ 24ರಲ್ಲಿ ಸುಮಾರು 7ಕ್ಕೆ ಆಗುತ್ತದೆ. ನಿಮ್ಮ 11 ನಿಮಿಷ ಅಲ್ಲಿ ಏಳೂವರೆ, ಏಳೂಮುಕ್ಕಾಲು. 5 ನಿಮಿಷಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ, ಡೆವಲಪರ್ ಸುರಿಯುವ ಮತ್ತು ಚೆಲ್ಲುವ ಹೊತ್ತೇ ದೊಡ್ಡದಾಗಿ ಎಲ್ಲ ಕಡೆ ಸಮ ಬರುವುದಿಲ್ಲ. ಮುಖ್ಯವಾಗಿ ಪ್ರತಿ ಸಲವೂ 24 ಆಗಿರಲಿ. ಒಂದು ದಿನ 22, ಒಂದು ದಿನ 26 ಆದರೆ ಸ್ವೆಟರ್ ಪರೀಕ್ಷೆ ಮಾಡಿದ್ದೇ ವ್ಯರ್ಥ.

ಬೆಳ್ಳಿಕಣ

ತಾತನ ಫೋಟೋ ಮತ್ತೆ ತೆಗೆದಿರಾ? ಅದನ್ನು ಹೇಳಿ ಮೊದಲು.

ಕೆಂಪುದೀಪ

ನಿನ್ನೆ ತೆಗೆದೆ, ಇವತ್ತು ಬೆಳಿಗ್ಗೆ ಒಣಗಿತು.

ಗೋಡೆಯ ಹತ್ತಿರ ಹೋಗಿ ಮೀಟರ್ ಓದಿದೆ. ಡಯಲ್ 200ರಲ್ಲಿ ಎಫ್2.8ಕ್ಕೆ 1/8 ತೋರಿಸಿತು. ಎರಡು ಸ್ಟಾಪ್ ಇಳಿಸಿ 1/30ಕ್ಕೆ ತೆಗೆದೆ. ಮೊದಲಿನ ಸಲ ಕಿಟಕಿ ನೋಡಿ ಮೀಟರ್ ಕೊಟ್ಟಿದ್ದು 1/250, ಅದೂ ಇದೇ ಎಫ್2.8ಕ್ಕೆ. ಮೂರು ಸ್ಟಾಪ್ ವ್ಯತ್ಯಾಸ. ಏನು ಮಾಡುತ್ತಿದ್ದೀಯ, ಗೋಡೆ ಫೋಟೋ ತೆಗೀತಿದ್ದೀಯಾ ಅಂತ ತಾತ ಕೇಳಿದರು. ಹೌದು ಅಂದೆ. ಹಾಗಿದ್ದರೆ ಇರು ಅಂತ ಎದ್ದು, ಓರೆಯಾಗಿದ್ದ ಒಂದು ಸ್ಪ್ಯಾನರನ್ನು ನೆಟ್ಟಗೆ ಮಾಡಿ ಬಂದು ಕೂತರು.

24 ಡಿಗ್ರಿ, ಏಳೂಮುಕ್ಕಾಲು ನಿಮಿಷ. ಹನ್ನೊಂದು ಸ್ಪ್ಯಾನರೂ ಬಂದಿವೆ. ದೊಡ್ಡದರ ಮೇಲೆ ಕೆತ್ತಿದ ಅಳತೆ ಭೂತಗನ್ನಡಿಯಲ್ಲಿ ಓದಲು ಬರುತ್ತದೆ. ತಾತನ ಬೆರಳ ಸಂದಿಯ ಗ್ರೀಸ್ ಕಪ್ಪಗೇ ಇದೆ, ಆದರೆ ಅದರೊಳಗೆ ಚರ್ಮದ ಗೆರೆ ಕಾಣುತ್ತದೆ. ಕಿಟಕಿ ಇನ್ನೂ ದಟ್ಟವಾಗಿದೆ, ಹೊರಗಿನ ಮರ ಸ್ಕ್ಯಾನ್‌ನಲ್ಲಿ ತುಸು ಮಾತ್ರ ಬಂತು. ಮುಂದಿನ ರೋಲಿಗೆ ಬೇರೆ ಏನೂ ಮುಟ್ಟದೆ ಏಳು ನಿಮಿಷ ಮಾಡಿ ನೋಡುತ್ತೇನೆ.